ಎರವಲು ಅಂಗಿ

ಕ್ಯಾಂಪಿನ ಟೈಲರ್‌ಗೆ ತನ್ನ ಕೈಕೆಲಸದ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ಹರಿದ ಮೊಣಕೈ, ಕಿತ್ತುಬಂದ ಜೇಬು, ಇಸ್ತ್ರಿಗೆ ಸುಟ್ಟ ಕಾಲರ್, ಏನೇ ತಂದುಕೊಡಿ, ಅವನು ಹೊಲಿದು ಕೊಟ್ಟ ಮೇಲೆ ಎಲ್ಲಿ ಹರಿದಿತ್ತು ಅನ್ನುವುದು ಹರಿದುಕೊಂಡವನಿಗೇ ಗೊತ್ತಾಗಬಾರದು. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ಕೇಳಿದವರಿಗೂ ಕೇಳದವರಿಗೂ. ಶಾಂತಿಪಡೆ ಊರಿಗೆ ಬಂದು ಐದು ವರ್ಷವಾಗಿತ್ತು. ಹೊರದೇಶದ ಸೈನಿಕರು ಆರು ತಿಂಗಳಿಗೊಂದು ತಂಡವಾಗಿ ಬರುತ್ತಿದ್ದರು, ಹೋಗುತ್ತಿದ್ದರು. ಗೇಟಿನ ಒಳಗಡೆ ಸಾಲಾಗಿದ್ದ ಮೂರು ತಗಡಿನ ಶೆಡ್ಡಿನವರು ಮಾತ್ರ ಅಲ್ಲಾಡದೆ ಕೂತಿದ್ದರು: ಕ್ಷೌರದವನು, ಇಸ್ತ್ರಿಯವನು, ಇವನು. ಕೊರಳಲ್ಲಿ ಕ್ಯಾಂಪಿನ ಪಾಸು ನೇತಾಡುವವರಿಗೆ ಊರಿನಲ್ಲಿ ಒಂದು ತೂಕವಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಇವರು ಅದನ್ನು ತೆಗೆಯೋದು ಎಂದು ಟೈಲರ್‌ನ ಹೆಂಡತಿ ಬೀದಿಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಶೆಡ್ಡಿನಲ್ಲಿ ಅವನದೇ ಒಂದು ಪದ್ಧತಿ ನಡೆಯುತ್ತಿತ್ತು. ರಿಪೇರಿಗೆ ಕೊಟ್ಟ ಅಂಗಿಗಳನ್ನು ಸೈನಿಕರು ಹೇಳಿದ ದಿನ ಒಯ್ಯುತ್ತಿರಲಿಲ್ಲ. ಒಬ್ಬ ಗಸ್ತಿಗೆ ಹೋಗಿರುತ್ತಿದ್ದ, ಇನ್ನೊಬ್ಬ ಜ್ವರ ಬಂದು ಮಲಗಿರುತ್ತಿದ್ದ. ಆ ಅಂಗಿಗಳು ಗೋಡೆಯ ಮೊಳೆಗಳಿಗೆ ನೇತುಬಿದ್ದಿರುತ್ತಿದ್ದವು. ಅಷ್ಟರಲ್ಲಿ ಮತ್ತೊಬ್ಬ, ಇನ್ನು ಅರ್ಧ ಗಂಟೆಗೆ ಸಾಹೇಬರ ತಪಾಸಣೆ ಅನ್ನುವಾಗ, ಬೆನ್ನು ಹರಿದುಕೊಂಡು ಓಡಿಬರುತ್ತಿದ್ದ. ಟೈಲರ್ ಮೊಳೆಯಿಂದ ಅವನ ಅಳತೆಯದೊಂದು ಅಂಗಿ ಇಳಿಸಿ, ಎದೆಯ ಮೇಲಿದ್ದ ಹೆಸರಿನ ಪಟ್ಟಿ ಬಿಚ್ಚಿ, ಬಂದವನ ಪಟ್ಟಿ ಹೊಲಿದು, ಸಂಜೆ ವಾಪಸ್ ಕೊಡು ಎಂದು ಕಳಿಸುತ್ತಿದ್ದ. ಒಬ್ಬರ ಸಮವಸ್ತ್ರ ಇನ್ನೊಬ್ಬರಿಗೆ ಕೊಡಕೂಡದು ಎಂದು ಶೆಡ್ಡಿನ ಬಾಗಿಲಿಗೇ ಚೀಟಿ ಅಂಟಿಸಿದ್ದರು. ಟೈಲರ್ ಸರಿಯಾಗಿ ಆ ಚೀಟಿಯ ಮೇಲೆಯೇ ಮೊಳೆ ಹೊಡೆದು ಅಳತೆಯ ಟೇಪು ತೂಗುಹಾಕಿದ್ದ. ನಿಯಮ ಬರೆದ ಪುಣ್ಯಾತ್ಮ ಒಂದು ದಿನವಾದರೂ ಇಲ್ಲಿ ಬಂದು ಕೂತಿದ್ದಾನೆಯೇ ಅನ್ನುವುದು ಅವನ ವಾದ.

ಅವನಿಗೆ ಇದ್ದವಳು ಒಬ್ಬಳೇ ತಂಗಿ. ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹದಿನಾರು ವರ್ಷದಿಂದ ನರ್ಸು, ಊರಿಗೆಲ್ಲ ನರ್ಸಮ್ಮ. ಹುಟ್ಟಿದ ಕೂಸಿನ ಕೈಗೆ ತಾಯಿಯ ಹೆಸರಿನ ಪಟ್ಟಿ ಕಟ್ಟುವುದು, ಮನೆಗೆ ಕಳಿಸುವಾಗ ಆ ಪಟ್ಟಿಯನ್ನು ಎರಡು ಸಲ ಓದಿ ತಾಯಿಯ ಕೈಗಿಡುವುದು ಅವಳ ಕೆಲಸ. ಆ ಕೆಲಸದಿಂದ ಅವಳಿಗೊಂದು ಚಾಳಿ ಅಂಟಿಕೊಂಡಿತ್ತು. ಎದುರಿಗೆ ಬಂದವರ ಮೈಮೇಲೆ ಎಲ್ಲಿ ಏನು ಬರೆದಿದ್ದರೂ ಮೊದಲು ಅದನ್ನು ಓದುತ್ತಿದ್ದಳು. ಅಂಚೆಯವನ ಬಿಲ್ಲೆ, ಬಸ್ಸಿನ ಕಂಡಕ್ಟರ್ ನಂಬರು, ಯಾವುದನ್ನೂ ಬಿಟ್ಟವಳಲ್ಲ.

ಆರು ವಾರದ ಹಿಂದೆ ಕ್ಯಾಂಪಿನಲ್ಲಿ ಪದಕ ಕೊಡುವ ಪೆರೇಡು ಇತ್ತು. ಎಲ್ಲಿಂದಲೋ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಆ ಬೆಳಿಗ್ಗೆ ನರ್ಸಮ್ಮ ಆಂಬುಲೆನ್ಸಿನಲ್ಲಿ ಹೊಳೆಯಾಚೆಯಿಂದ ಒಬ್ಬ ಬಸುರಿಯನ್ನು ಕರೆದುಕೊಂಡು ಬರುತ್ತಿದ್ದಳು. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸು, ಚೊಚ್ಚಲ ಹೆರಿಗೆ, ಕೂಸು ಅಡ್ಡ ತಿರುಗಿತ್ತು. ಏಳೂವರೆಗೆ ಸೇತುವೆಯ ಚೆಕ್‌ಪೋಸ್ಟ್ ತಲುಪಿದರು. ಸಾಹೇಬರ ಗಾಡಿಗಳು ದಾಟುವವರೆಗೆ ಯಾರೂ ದಾಟುವಂತಿಲ್ಲ ಎಂದು ಅಲ್ಲಿನ ಸೈನಿಕ ತಡೆದ. ಆಂಬುಲೆನ್ಸಿಗೆ ತಡೆಯಿಲ್ಲ ಎಂದು ಸೇತುವೆಯ ಕಂಬಕ್ಕೇ ಬರೆದು ಹಾಕಿತ್ತು. ಅವಳು ಅದನ್ನು ಬೆರಳಿಟ್ಟು ತೋರಿಸಿದಳು. ಅವನು ನೋಡಲಿಲ್ಲ. ಹಿಂದಿನ ಬಾಗಿಲು ತೆಗೆಸಿದ, ಮುಚ್ಚಿಸಿದ, ಮತ್ತೆ ತೆಗೆಸಿದ. ಅವಳು ಬಿಡಲಿಲ್ಲ, ಎದುರು ನಿಂತು ವಾದಿಸಿದಳು. ಅವನು ಮೂಟೆ ನೂಕಿದ ಹಾಗೆ ಅವಳನ್ನು ನೂಕಿದ. ಗಾಡಿಗಳು ದಾಟಿ ಹೋದ ಮೇಲೂ ಹಟಕ್ಕೆ ಬಿದ್ದು ಇನ್ನರ್ಧ ಗಂಟೆ ನಿಲ್ಲಿಸಿದ. ಒಂಬತ್ತು ಗಂಟೆಗೆ ಬಿಟ್ಟ. ಆಸ್ಪತ್ರೆ ಮುಟ್ಟಿದ ಮೇಲೆ ತಾಯಿ ಬದುಕಿದಳು. ಕೂಸು ಬದುಕಲಿಲ್ಲ.

ನರ್ಸಮ್ಮ ಅವನ ಎದೆಯ ಮೇಲಿನ ಹೆಸರನ್ನು ಓದಿಕೊಂಡಿದ್ದಳು. ಮರುದಿನವೇ ಶಾಂತಿಪಡೆಯ ತನಿಖಾ ಕಚೇರಿಗೆ ಹೋಗಿ ದೂರು ಕೊಟ್ಟಳು. ಮೂರು ವಾರ ತನಿಖೆ ನಡೆಯಿತು. ಆ ಹೆಸರಿನ ಸೈನಿಕನ ಫೋಟೋವನ್ನು ಅವಳಿಗೆ ತೋರಿಸಿದರು. ಇವನಲ್ಲ ಎಂದಳು. ಹೆಸರು ಇದೇ, ಮುಖ ಇದಲ್ಲ, ಉಳಿದವರ ಫೋಟೋಗಳನ್ನೂ ತೋರಿಸಿ ಎಂದು ಕೇಳಿದಳು. ದೂರು ಇರುವುದು ಒಬ್ಬನ ಮೇಲೆ, ಎಲ್ಲರ ಫೋಟೋ ತೋರಿಸುವ ಕ್ರಮವಿಲ್ಲ ಎಂದರು. ಕೊನೆಗೆ ಬಂದ ವರದಿಯಲ್ಲಿ ಇದ್ದದ್ದು ಐದು ಸಾಲು. ಆ ಹೆಸರಿನ ಸೈನಿಕ ಅಂದು ಕ್ಯಾಂಪಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದ, ಅದಕ್ಕೆ ದಾಖಲೆಯಿದೆ. ದೂರು ಕೊಟ್ಟವಳೇ ಫೋಟೋ ನೋಡಿ ಅವನಲ್ಲ ಎಂದಿದ್ದಾಳೆ. ಆದ್ದರಿಂದ ದೂರಿನಲ್ಲಿ ಹುರುಳಿಲ್ಲ. ಆ ಹೊತ್ತು ಸೇತುವೆಯ ಮೇಲೆ ನಿಜವಾಗಿ ಯಾರಿದ್ದರು ಎಂದು ಪಾಳಿಯ ಪಟ್ಟಿ ತೆಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನೋಡಬೇಕಾದವರು ಅದೇ ಪಡೆಯವರು ತಾನೇ.

ಅಷ್ಟಕ್ಕೇ ಮುಗಿದಿದ್ದರೆ ನರ್ಸಮ್ಮ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ಆದರೆ ಸೇತುವೆಯ ಮೇಲೆ ಯಾರೂ ತಡೆಯಲಿಲ್ಲ ಅಂತಾದ ಮೇಲೆ ತಡವಾದದ್ದು ಯಾರಿಂದ ಅನ್ನುವ ಪ್ರಶ್ನೆ ಉಳಿಯಿತಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರು ಅವಳಿಗೆ ನೋಟಿಸು ಕಳಿಸಿದರು. ಆಸ್ಪತ್ರೆಗೆ ಔಷಧಿ, ಜನರೇಟರು, ಹಾಸಿಗೆ ಎಲ್ಲ ಬರುತ್ತಿದ್ದದ್ದು ಶಾಂತಿಪಡೆಯಿಂದ. ದೊಡ್ಡ ಡಾಕ್ಟರಿಗೆ ಅದರ ನೆನಪು ಚೆನ್ನಾಗಿಯೇ ಇತ್ತು. ಗುರುವಾರ ಹನ್ನೊಂದು ಗಂಟೆಗೆ ಆಡಳಿತ ಮಂಡಳಿ ಕೂಡುತ್ತದೆ, ಕೂಸಿನ ಸಾವಿಗೆ ಕಾರಣ ನೀವೇ ಎಂದು ಕಂಡುಬಂದಿದೆ, ಕೆಲಸದಿಂದ ಏಕೆ ತೆಗೆಯಬಾರದು ತಿಳಿಸಿ ಎಂದಿತ್ತು. ಇಟ್ಟಿಗೆ ಗೂಡಿನ ಆ ತಾಯಿಗೂ ಆಸ್ಪತ್ರೆಯವರು ಅದನ್ನೇ ಹೇಳಿದರು. ನರ್ಸಮ್ಮ ನೋಡಲು ಹೋದರೆ ಅವಳು ಮುಖ ತಿರುಗಿಸಿ ಒಳಗೆ ಹೋದಳು.

ಟೈಲರ್‌ಗೆ ತಂಗಿಯ ಮೇಲೆ ಪ್ರಾಣ, ನಿಜ. ಆದರೆ ಅವಳ ಮಾತನ್ನು ಅವನು ನಂಬಿರಲಿಲ್ಲ. ಆ ಹೆಸರಿನ ಸೈನಿಕ ಅವನಿಗೆ ಚೆನ್ನಾಗಿ ಗೊತ್ತಿದ್ದವನು. ಗುಂಡಿ ಹೊಲಿಸಲು ಬಂದಾಗಲೆಲ್ಲ ಶೆಡ್ಡಿನ ಬಾಗಿಲಲ್ಲಿ ಕೂತು ತನ್ನ ಭಾಷೆಯ ಹಾಡು ಹಾಡುತ್ತಿದ್ದ ಸಾಧು ಮನುಷ್ಯ. ಟೈಲರ್ ಅವನಿಗೆ ಹಾಡುಗಾರ ಎಂದೇ ಹೆಸರಿಟ್ಟಿದ್ದ. ಅವನು ಆಸ್ಪತ್ರೆಯಲ್ಲಿ ಮಲಗಿದ್ದನ್ನು ಟೈಲರ್ ಕಣ್ಣಾರೆ ಕಂಡಿದ್ದ. ತಂಗಿ ಗಾಬರಿಯಲ್ಲಿ ಏನೋ ಓದಿ ಏನೋ ಹಿಡಿದುಕೊಂಡಿದ್ದಾಳೆ, ಹಟ ಬೇರೆ, ಅಪ್ಪನ ಹಟ ಎಂದು ಅವನು ಹೆಂಡತಿಯ ಹತ್ತಿರ ಹೇಳಿದ್ದ. ಕ್ಯಾಂಪಿನಿಂದ ಊರಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಧಿಕಾರಿ ಒಂದು ದಿನ ಶೆಡ್ಡಿಗೇ ಬಂದು ಹೆಗಲ ಮೇಲೆ ಕೈಯಿಟ್ಟು, ನಿನ್ನ ತಂಗಿ ಒಳ್ಳೆಯವಳು, ಒಂದು ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಿಸು, ಆರು ತಿಂಗಳ ಅಮಾನತಿನಲ್ಲಿ ಮುಗಿಯುತ್ತದೆ, ಕೆಲಸ ಉಳಿಯುತ್ತದೆ ಎಂದು ಟೈಪು ಮಾಡಿದ ಹಾಳೆ ಕೊಟ್ಟ. ಟೈಲರ್ ಆ ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಹೆಗಲ ಮೇಲೆ ಕೈ ಬಿದ್ದರೆ ಕರಗಿ ಹೋಗುವ ಜಾತಿ ಅವನದು.

ಮಂಗಳವಾರ ಸಂಜೆ ಹಾಳೆ ಹಿಡಿದು ತಂಗಿಯ ಮನೆಗೆ ಹೋದ. ಅವಳು ವಾರ್ಡಿನ ಬಿಳಿ ಸೀರೆಗಳನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದಳು, ಇನ್ನು ಉಡುವ ಹಾಗಿಲ್ಲ ಅನ್ನುವಂತೆ. ಅವನು ಸುತ್ತಿ ಬಳಸಿ ಮಾತು ತಂದ. ನೆನಪು ಯಾರಿಗಾದರೂ ತಪ್ಪುತ್ತದೆ, ತಪ್ಪಾಯಿತು ಅಂದರೆ ಕಿರೀಟವೇನೂ ಬೀಳುವುದಿಲ್ಲ, ದೊಡ್ಡವರನ್ನು ಎದುರು ಹಾಕಿಕೊಂಡು ನಮ್ಮಂಥವರು ಬದುಕಲಾಗುತ್ತದೆಯೇ ಎಂದೆಲ್ಲ ಹೇಳಿದ. ಅವಳು ಮಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಹಾಳೆಯನ್ನು ಓದಿದಳು. ನಾನು ಗೊಂದಲದಲ್ಲಿದ್ದೆ, ಸೇತುವೆಯ ಮೇಲೆ ಹೇಳುವಂಥ ತಡೆ ಆಗಲಿಲ್ಲ ಎಂದಿತ್ತು ಅದರಲ್ಲಿ.

ಅವಳು ಹಾಳೆ ಕೆಳಗಿಟ್ಟು, ಗೊಂದಲದಲ್ಲಿ ಇದ್ದವಳಿಗೆ ಇಷ್ಟೆಲ್ಲ ನೆನಪಿರುತ್ತದೆಯೇ ನೋಡು ಎಂದು ಒಂದೊಂದೇ ಹೇಳುತ್ತ ಹೋದಳು. ಅವನಿಗೆ ಮೀಸೆಯಿತ್ತು. ಎಡಗೈಯಲ್ಲಿ ವಾಚು. ಅಂಗಿ ಹೆಗಲಲ್ಲಿ ಬಿಗಿಯಾಗಿತ್ತು. "ಅವನು ನೂಕಿದಾಗ ನನ್ನ ಕೈಲಿ ಗಾಯಕ್ಕೆ ಹಚ್ಚೋ ನೇರಳೆ ಔಷಧಿ ಬಾಟ್ಲಿ ಇತ್ತು. ಅದು ಅವನ ಬಲಗೈ ತೋಳಿನ ಮೇಲೆ ಚೆಲ್ತು, ಇಲ್ಲಿಂದ ಇಲ್ಲೀವರೆಗೆ. ದೂರಲ್ಲೂ ಬರೆಸಿದ್ದೀನಿ. ಆ ಬಣ್ಣ ಎಷ್ಟು ಒಗೆದ್ರೂ ಹೋಗಲ್ಲ. ಆ ಅಂಗಿ ಹುಡುಕಿ ಅಂದೆ. ನಕ್ಕರು."

ದಿನಕ್ಕೆ ನಾಲ್ಕು ಅಂಗಿ ಕೈ ಬದಲಾಯಿಸುವ ಶೆಡ್ಡಿನಲ್ಲಿ ಮರೆತೇ ಹೋಗಿದ್ದ ಒಂದು ಎರವಲು ಟೈಲರ್‌ಗೆ ಆಗ ನೆನಪಾಯಿತು. ಪದಕದ ಪೆರೇಡಿನ ದಿನ ಬೆಳಿಗ್ಗೆ ಆರು ಗಂಟೆ. ಶೆಡ್ಡಿನ ಬೀಗ ಇನ್ನೂ ತೆಗೆಯುತ್ತಿದ್ದ, ಮೀಸೆಯ ಸೈನಿಕನೊಬ್ಬ ಬೆನ್ನು ಹರಿದ ಅಂಗಿಯಲ್ಲಿ ಬಂದು ನಿಂತಿದ್ದ. ಸೇತುವೆಯ ಪಾಳಿ, ಸಾಹೇಬರು ಅದರ ಮೇಲೆಯೇ ಬರುತ್ತಾರೆ, ಗಾಡಿ ಹೊರಟಿದೆ ಎಂದು ಕೈ ಮುಗಿದಿದ್ದ. ಮೊಳೆಯ ಮೇಲೆ ಇದ್ದದ್ದು ಜ್ವರದಲ್ಲಿ ಮಲಗಿದ್ದ ಹಾಡುಗಾರನ ಅಂಗಿ. ಪಟ್ಟಿ ಬಿಚ್ಚಿ ಇನ್ನೊಂದು ಹೊಲಿಯಲು ಹೊತ್ತಿರಲಿಲ್ಲ. ಒಂದು ದಿನಕ್ಕೆ ಯಾರು ನೋಡುತ್ತಾರೆ, ಹಾಕಿಕೊಂಡು ಹೋಗು ಎಂದು ಹೆಸರಿನ ಸಮೇತ ಕೊಟ್ಟು ಕಳಿಸಿದ್ದ. ಸಂಜೆ ಅಂಗಿ ವಾಪಸ್ ಬಂದಾಗ ಬಲತೋಳು ನೇರಳೆಯಾಗಿತ್ತು. ಶಾಯಿ ಚೆಲ್ಲಿತು ಎಂದಿದ್ದ ಮೀಸೆಯವನು. ಟೈಲರ್‌ನ ಹೆಂಡತಿ ಸೋಡಾ ಹಾಕಿ ಕುದಿಸಿದಳು, ಉಜ್ಜಿದಳು, ಬೈದಳು, ಹೋಗಲಿಲ್ಲ. ಹಾಡುಗಾರನಿಗೆ ಏನು ಹೇಳುವುದು ಎಂದು ಟೈಲರ್ ಆ ಕಲೆಯ ಮೇಲೆ ಅದೇ ಬಟ್ಟೆಯದೊಂದು ಜೇಬು ಕೂರಿಸಿದ್ದ. ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಕಾರ್ಖಾನೆಯಲ್ಲೇ ಹಾಗೆ ಹೊಲಿದು ಬಂದಂತಿತ್ತು. ಅಂದು ಅವನು ಆ ಜೇಬನ್ನು ಕ್ಷೌರದವನಿಗೂ ಕರೆದು ತೋರಿಸಿದ್ದ.

ಅವಳ ಮುಂದೆ ಕೂತು ಅದನ್ನು ಹೇಳಲು ಅವನಿಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಹೇಳದೆ ಎದ್ದ. ನಾಳೆ ಬರುತ್ತೇನೆ, ಸಹಿ ಹಾಕಬೇಡ, ತಡಿ ಎಂದಷ್ಟೇ ಗೊಣಗಿ ಚಪ್ಪಲಿ ಮೆಟ್ಟಿದ. ಸಹಿ ಹಾಕಿಸಲು ಬಂದವನು ಬೇಡ ಅನ್ನುತ್ತಾನಲ್ಲ ಎಂದು ಅವಳು ಅವನ ಮುಖವನ್ನೇ ನೋಡಿದಳು. ಅವನಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಹೇಳಿದರೆ ಶೆಡ್ಡು ಹೋಗುತ್ತದೆ, ಪಾಸು ಹೋಗುತ್ತದೆ. ಹೇಳದಿದ್ದರೆ ತಂಗಿಯ ಹದಿನಾರು ವರ್ಷ ಗುರುವಾರ ಹನ್ನೊಂದಕ್ಕೆ ಮಣ್ಣುಪಾಲು. ಇದನ್ನು ತೂಗಿ ನೋಡಲು ಅವನಿಗೆ ದಾರಿಯುದ್ದಕ್ಕೂ ಬೇಕಾಯಿತು ಅನ್ನುವುದೇ ಅವನ ಯೋಗ್ಯತೆಯನ್ನು ಹೇಳುತ್ತದೆ. ಅವನನ್ನು ನಾನು ಕೆಟ್ಟವನೆನ್ನುವುದಿಲ್ಲ. ಆದರೆ ಇಂಥ ಒಳ್ಳೆಯವರು ನಾಲ್ಕು ಜನ ಸೇರಿದರೆ ಯಾವ ಅನ್ಯಾಯಕ್ಕೂ ಬೇಕಾದಷ್ಟು ನೆರಳು ಸಿಗುತ್ತದೆ.

ಬುಧವಾರ ಬೆಳಿಗ್ಗೆ ಶೆಡ್ಡಿಗೆ ಬಂದು ಹಾಡುಗಾರನ ಗಂಟು ಬಿಚ್ಚಿದ. ಊರಿಗೆ ಹೊರಡುವ ಮುಂಚೆ ಗುಂಡಿ ಬಿಗಿಸಲೆಂದು ಅವನು ಕೊಟ್ಟಿದ್ದ ಆರು ಅಂಗಿಗಳಿದ್ದವು, ಹಳೆಯ ತಂಡ ಶುಕ್ರವಾರದೊಳಗೆ ತನ್ನ ದೇಶಕ್ಕೆ ಹೊರಡುವುದಿತ್ತು, ಅವನು ಇವತ್ತು ಒಯ್ಯಲು ಬರುವವನಿದ್ದ. ಟೈಲರ್ ಬ್ಲೇಡು ತೆಗೆದುಕೊಂಡು ಜೇಬಿನ ಹೊಲಿಗೆ ಬಿಚ್ಚಿದ. ಅವನು ಹಾಕಿದ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಒಳಗೆ ಕಲೆ ಹಾಗೆಯೇ ಇತ್ತು, ಮೊಣಕೈಯಿಂದ ಮಣಿಕಟ್ಟಿನ ತನಕ, ತಂಗಿ ಬೆರಳಿಟ್ಟು ತೋರಿಸಿದ ಅಳತೆಯಷ್ಟೇ.

ಅಷ್ಟರಲ್ಲಿ ಹಾಡುಗಾರ ಬಂದ. ಅಂಗಿಯನ್ನು ನೋಡಿದ, ಬಿಚ್ಚಿದ ಜೇಬನ್ನು ನೋಡಿದ, ಟೈಲರ್‌ನ ಮುಖವನ್ನು ನೋಡಿದ. ಟೈಲರ್ ತನಗೆ ಬರುತ್ತಿದ್ದ ಅವನ ಹರಕು ಮುರುಕು ಭಾಷೆಯಲ್ಲಿ ಎಲ್ಲವನ್ನೂ ಹೇಳಿದ. ತನ್ನ ಹೆಸರಿಗೆ ಮಸಿ ಬಳಿದಳೆಂದು ಇಷ್ಟು ದಿನ ಆ ನರ್ಸಿನ ಮೇಲೆ ಹಲ್ಲು ಕಡಿಯುತ್ತಿದ್ದ ಮನುಷ್ಯ ಬಾಗಿಲಲ್ಲಿ ಕುಸಿದು ಕೂತ. ಮೀಸೆಯವನು ಸೋಮವಾರದ ವಿಮಾನದಲ್ಲೇ ಹೋದ ಎಂದು ಹೇಳಿದ. ನೀನು ನನ್ನ ಜೊತೆ ಬಂದು ಎರಡು ಮಾತು ಹೇಳುತ್ತೀಯಾ ಎಂದು ಟೈಲರ್ ಕೇಳಿದ್ದಕ್ಕೆ ತಲೆ ಅಡ್ಡ ಆಡಿಸಿದ. ಇಬ್ಬರೂ ಒಂದೇ ಊರಿನವರಂತೆ, ಇಬ್ಬರ ತಾಯಂದಿರೂ ಒಂದೇ ಬಾವಿಯ ನೀರು ಸೇದುವವರಂತೆ. ಉಳಿದ ಐದು ಅಂಗಿಗಳನ್ನು ಮಾತ್ರ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದ.

"ನಾನು ಕೊಟ್ಟಿದ್ದು ಐದು ಅಂಗಿ," ಎಂದ. "ಐದೂ ಸಿಕ್ಕಿತು."

ಅಷ್ಟು ಹೇಳಿ ಹೋದ. ಹಾಡಲಿಲ್ಲ. ಅವನಿಂದ ಅಷ್ಟಾದರೂ ಆಯಿತಲ್ಲ ಎಂದು ಟೈಲರ್‌ಗೆ ಅನಿಸಿತು, ಅಷ್ಟೇ ಆಯಿತಲ್ಲ ಎಂದೂ ಅನಿಸಿತು.

ತನಿಖಾ ಕಚೇರಿ ಎಂದರೆ ಹಡಗಿನಲ್ಲಿ ಸಾಮಾನು ತರುವ ಕಬ್ಬಿಣದ ಪೆಟ್ಟಿಗೆಗೆ ಕಿಟಕಿ ಕೊರೆದು ಫ್ಯಾನು ಹಾಕಿದ್ದು. ಅಲ್ಲಿದ್ದ ಅಧಿಕಾರಿಣಿ ದಪ್ಪ ಕನ್ನಡಕದವಳು, ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವಳು. ಹಿಂದಿನ ತನಿಖೆ ಮಾಡಿದವನು ವರ್ಗವಾಗಿ, ಅವಳು ಬಂದು ಹತ್ತು ದಿನವಾಗಿತ್ತು. ಟೈಲರ್ ಅಂಗಿಯನ್ನು ಮೇಜಿನ ಮೇಲೆ ಹರಡಿ, ನಿಂತುಕೊಂಡೇ ಹೇಳಿದ. ಅವಳು ಕೂರಲು ಹೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ. ಯಾರಿಗೆ ಕೊಟ್ಟೆ, ಎಷ್ಟು ಹೊತ್ತಿಗೆ, ಹೆಸರಿನ ಪಟ್ಟಿ ಏಕೆ ತೆಗೆಯಲಿಲ್ಲ, ಜೇಬು ಏಕೆ ಹೊಲಿದೆ ಎಂದು ಅವಳು ಕೇಳಿದಳು. ಕಲೆ ಕಾಣಬಾರದು ಅಂತ ಎಂದ ಟೈಲರ್. ಅವಳು ಅದನ್ನೂ ಬರೆದುಕೊಂಡಳು. ಆಮೇಲೆ ಫೋನು ಮಾಡಿ ಅಂದಿನ ಪಾಳಿಯ ಪಟ್ಟಿಯನ್ನು ತರಿಸಿದಳು. ಸೇತುವೆಯ ಮುಂದೆ ಮೀಸೆಯವನ ಹೆಸರು ಇತ್ತು, ಆರು ವಾರದಿಂದ ಯಾರಾದರೂ ನೋಡಲಿ ಎಂದು ಕಾದು ಕೂತಂತೆ. ಹತ್ತು ನಿಮಿಷದ ಕೆಲಸ.

"ಇನ್ನು ಅವನಿಗೆ ಏನು ಮಾಡ್ತೀರಿ?" ಎಂದು ಟೈಲರ್ ಕೇಳಿದ.

"ಶಿಕ್ಷೆ ಕೊಡೋದು ನಾವಲ್ಲ. ಅವನ ದೇಶ ಕೊಡಬೇಕು."

"ಮತ್ತೆ ನೀವು?"

"ನಾವು ಬರೀತೀವಿ. ಅವರಿಗೆ ಕಳಿಸ್ತೀವಿ. ಏನಾಯ್ತು ಅಂತ ಕೇಳ್ತೀವಿ."

"ಅವರು ಉತ್ತರ ಕೊಡದಿದ್ರೆ?"

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಮತ್ತೆ ಕೇಳ್ತೀವಿ," ಎಂದಳು. ಹಾಗೆ ಕೇಳಿ ಕೇಳಿ ಸವೆದ ಹೆಂಗಸು ಎಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು.

ಆದರೆ ಒಂದು ಕೆಲಸವನ್ನು ಅವಳು ಆಗಲೇ ಮಾಡಿದಳು. ಹಿಂದಿನ ವರದಿಯನ್ನು ಹಿಂತೆಗೆದುಕೊಂಡಿದ್ದೇವೆ, ದೂರು ಕೊಟ್ಟ ನರ್ಸಿನ ಹೇಳಿಕೆಗೆ ಪುರಾವೆ ಸಿಕ್ಕಿದೆ, ಆಂಬುಲೆನ್ಸನ್ನು ತಡೆದಿದ್ದು ನಿಜ ಎಂದು ಆಸ್ಪತ್ರೆಗೆ ಪತ್ರ ಬರೆದು ಮೊಹರು ಹಾಕಿ ಅವನ ಕೈಗೇ ಕೊಟ್ಟಳು. ಪತ್ರದಲ್ಲಿ ಮೀಸೆಯವನ ಹೆಸರಿರಲಿಲ್ಲ. ಸಂಬಂಧಪಟ್ಟ ಸಿಬ್ಬಂದಿ ಎಂದಿತ್ತು. ಅವನ ದೇಶದ ವಿಚಾರಣೆ ಮುಗಿಯುವ ತನಕ ಹೆಸರನ್ನು ಯಾರಿಗೂ ಹೇಳುವ ಹಾಗಿಲ್ಲ, ಹೇಳಿದರೆ ಪಾಸು ರದ್ದಾಗುತ್ತದೆ ಎಂದು ಅವನಿಂದ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಳು. ಅಂಗಿ ಎರವಲು ಕೊಟ್ಟ ತಪ್ಪಿಗೆ ಶೆಡ್ಡಿಗೆ ಎಚ್ಚರಿಕೆ ಪತ್ರ ಬರುತ್ತದೆ, ಅಷ್ಟರಲ್ಲೇ ಉಳಿಸುವಂತೆ ನೋಡುತ್ತೇನೆ ಎಂದಳು. ಟೈಲರ್‌ಗೆ ಹೋದ ಜೀವ ಬಂದ ಹಾಗಾಯಿತು. ತಂಗಿಯೂ ಉಳಿದಳು, ಶೆಡ್ಡೂ ಉಳಿಯಿತು. ದಾರಿಯಲ್ಲಿ ಕ್ಷೌರದವನು ಏನು ಸಮಾಚಾರ ಎಂದಿದ್ದಕ್ಕೆ ನಕ್ಕುಬಿಟ್ಟ.

ಗುರುವಾರ ಹನ್ನೊಂದಕ್ಕೆ ಮಂಡಳಿ ಕೂಡಿತು. ದೊಡ್ಡ ಡಾಕ್ಟರು ಪತ್ರವನ್ನು ಮೂರು ಸಲ ಓದಿದರು. ನರ್ಸಮ್ಮನ ಬಗ್ಗೆ ನಮಗೆಂದೂ ಸಂದೇಹವಿರಲಿಲ್ಲ, ಕ್ರಮಕ್ಕೆ ಅಂತ ನೋಟಿಸು ಕೊಟ್ಟಿದ್ದಷ್ಟೇ ಎಂದರು. ಮಂಡಳಿಯವರು ಹೌದು ಹೌದೆಂದು ತಲೆಯಾಡಿಸಿದರು. ಇವತ್ತೇ ಕೆಲಸಕ್ಕೆ ಬರಬಹುದು ಎಂದರು. ಹೊರಗೆ ಹೆರಿಗೆ ವಾರ್ಡಿನ ಹಾದಿಯಲ್ಲಿ, ಬಾಣಂತಿಯರ ಕಡೆಯವರು ಕೂರುವ ಬೆಂಚಿನ ಮೇಲೆ, ಟೈಲರ್ ಎಲ್ಲವನ್ನೂ ತಂಗಿಗೆ ಹೇಳಿದ. ಹೇಳುತ್ತ ಹೇಳುತ್ತ ಅವನ ಮಾತಿಗೆ ಹುರುಪು ಬಂತು. ಜೇಬಿನ ಹೊಲಿಗೆ ಬಿಚ್ಚಿದ್ದು, ಅಧಿಕಾರಿಣಿಯ ಎದುರು ನಿಂತಿದ್ದು, ಪಾಳಿಯ ಪಟ್ಟಿ ತರಿಸಿದ್ದು. ಅವಳು ಹೊಗಳುತ್ತಾಳೆ ಎಂದು ಅವನು ಕಾದ. ಅವಳು ಪತ್ರವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು.

"ಅಣ್ಣ, ಆ ಅಂಗಿ ಸಿಗದೇ ಇದ್ದಿದ್ರೆ?"

ಅವನು ಸಿಕ್ಕಿತಲ್ಲ ಎಂದ.

"ಅವರು ಹೊರಗಿನವರು. ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ, ನನ್ನ ಮಾತು ನಂಬೋಕೆ ಅವರಿಗೆ ಅಂಗಿ ಬೇಕಿತ್ತು. ನಿನಗೂ ಬೇಕಾಯ್ತಲ್ಲ."

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎದ್ದು ನಿಂತು, ಕೆಲಸ ಮಧ್ಯಾಹ್ನದ ಮೇಲೆ ಮಾಡುತ್ತೇನೆ, ಈಗ ಒಂದು ಕಡೆ ಹೋಗುವುದಿದೆ, ಬಾ ಎಂದಳು. ಪತ್ರ ತೋರಿಸಿದರೆ ಸಾಲದೇ ಎಂದು ಅವನು ಕೇಳಿದ, ಎಲ್ಲಿಗೆಂದು ಅವನಿಗೆ ಗೊತ್ತಾಗಿತ್ತು. ಆ ಹೆಂಗಸಿಗೆ ಓದಲು ಬರುವುದಿಲ್ಲ, ನೀನೇ ಬಾಯಿಬಿಟ್ಟು ಹೇಳು ಎಂದಳು.

ಇಟ್ಟಿಗೆ ಗೂಡಿನ ಹಿಂದೆ ಕೆಲಸಗಾರರ ಒಂದೇ ಕೋಣೆಯ ಮನೆಗಳು ಸಾಲಾಗಿದ್ದವು. ಆ ತಾಯಿ ಬಾಗಿಲ ಮುಂದೆ ಕೂತು ಇಟ್ಟಿಗೆಯ ಅಚ್ಚುಗಳನ್ನು ತೊಳೆಯುತ್ತಿದ್ದಳು. ಕೈ ಮೊಣಕೈ ತನಕ ಕೆಸರು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ ಎಂದು ಟೈಲರ್‌ಗೆ ಆಗಲೇ ತಿಳಿದದ್ದು. ಇಷ್ಟು ದಿನ ಅವಳ ವಯಸ್ಸನ್ನೂ ಅವನು ಕೇಳಿರಲಿಲ್ಲ. ನರ್ಸಮ್ಮನನ್ನು ಕಂಡು ಅವಳು ಏಳಲು ಹೋದಳು. ಇವರು ನನ್ನ ಅಣ್ಣ, ನಿನಗೆ ಒಂದು ಮಾತು ಹೇಳಬೇಕಂತೆ ಎಂದಳು ನರ್ಸಮ್ಮ. ಮತ್ತೆ ಪಕ್ಕಕ್ಕೆ ಸರಿದು ನಿಂತಳು, ಸಹಾಯಕ್ಕೆ ಬರುವುದಿಲ್ಲ ಅನ್ನುವಂತೆ.

ಟೈಲರ್ ಹೇಳಿದ. ಇಲ್ಲಿ ಹುರುಪು ಬರಲಿಲ್ಲ. ಅಂದು ಗಾಡಿ ತಡೆದವನು ಒಬ್ಬ, ಅವನ ಎದೆಯ ಮೇಲಿದ್ದ ಹೆಸರು ಇನ್ನೊಬ್ಬನದು, ಹಾಗಾಗಲು ಕಾರಣ ನಾನು. ನನ್ನ ತಂಗಿ ಹೇಳಿದ್ದೆಲ್ಲ ನಿಜ, ತಡವಾದದ್ದು ಅವಳಿಂದಲ್ಲ. ಹುಡುಗಿ ಅಚ್ಚು ಕೆಳಗಿಟ್ಟು ಕೇಳಿದಳು. ನಡುವೆ ಒಮ್ಮೆ ನರ್ಸಮ್ಮನ ಕಡೆ ನೋಡಿ, ನಾನು ಮುಖ ತಿರುಗಿಸಿಬಿಟ್ಟೆನಲ್ಲಕ್ಕ ಎಂದಳು. ನರ್ಸಮ್ಮ ಅವಳ ಪಕ್ಕ ನೆಲದ ಮೇಲೆ ಕೂತು ಅವಳ ಕೆಸರಿನ ಕೈ ಹಿಡಿದುಕೊಂಡಳು.

ಹುಡುಗಿ, ಗಾಡಿ ತಡೆದವನನ್ನು ಹಿಡಿದರಾ ಎಂದು ಕೇಳಿದಳು. ಅವನ ದೇಶಕ್ಕೆ ಹೋದ ಎಂದ ಟೈಲರ್. ಅಲ್ಲಿ ಹಿಡಿಯುತ್ತಾರಾ ಎಂದಳು. ಕೇಳುತ್ತಾರಂತೆ ಎಂದ. ಆ ಮಾತು ಎಷ್ಟು ಟೊಳ್ಳೆಂದು ಅವನ ಕಿವಿಗೇ ಕೇಳಿಸಿತು.

"ಅವನ ಹೆಸರೇನು?"

ಟೈಲರ್ ತಾನು ಸಹಿ ಹಾಕಿದ ಕಾಗದದ ಬಗ್ಗೆ, ಹೆಸರು ಹೇಳುವ ಹಾಗಿಲ್ಲದ್ದರ ಬಗ್ಗೆ ತೊದಲಿದ. ಸಾಲಿನ ಮನೆಗಳ ಬಾಗಿಲಲ್ಲಿ ಆಗಲೇ ನಾಲ್ಕಾರು ಜನ ನಿಂತಿದ್ದರು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಕ್ಯಾಂಪಿನ ಗೇಟು ಮುಟ್ಟುತ್ತದೆ. ಹುಡುಗಿ ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ನನ್ನ ಕೂಸಿಗೆ ಹೆಸರಿಡೋಕೂ ಆಗ್ಲಿಲ್ಲ," ಎಂದಳು. "ಅವನ ಹೆಸರಾದ್ರೂ ಗೊತ್ತಿರಲಿ. ಇನ್ನು ಮೇಲೆ ಕ್ಯಾಂಪಿನ ಬಿಳಿ ಗಾಡೀಲಿ ಯಾರೇ ಬರಲಿ, ಇಂಥವನು ಎಲ್ಲಿ ಅಂತ ಕೇಳ್ತೀನಿ."

ಟೈಲರ್ ತಂಗಿಯನ್ನು ನೋಡಿದ. ಹೇಳು ಎಂದೂ ಅವಳು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವನು ಹೇಳಿದ. ಆರು ತಿಂಗಳಲ್ಲಿ ಆ ಹೆಸರನ್ನು ಎಂಟು ಹತ್ತು ಸಲ ಹೊಲಿದಿದ್ದ, ಕಚೇರಿಯ ಹೊರಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಪರದೇಶದ ಹೆಸರು, ಹುಡುಗಿಯ ನಾಲಿಗೆ ಹೊರಳಲಿಲ್ಲ. ಅವನು ಬಿಡಿಸಿ ಹೇಳಿಕೊಟ್ಟ. ಎರಡನೇ ಸಲವೂ ತಪ್ಪಿತು. ಮೂರನೇ ಸಲ ಸರಿಯಾಗಿ ಬಂತು. ಅವಳು ಅದನ್ನು ತನ್ನೊಳಗೇ ಇನ್ನೂ ಎರಡು ಸಲ ಹೇಳಿಕೊಂಡಳು, ಮರೆಯಬಾರದೆಂದು.

ಆಮೇಲೆ ತಲೆಯೆತ್ತಿ ಅವನನ್ನು ನೋಡಿದಳು. ಸಿಟ್ಟಿನ ನೋಟವಲ್ಲ, ಬಾಕಿ ಉಳಿದ ಇನ್ನೊಂದನ್ನು ಕೇಳುವವಳ ನೋಟ.

"ಅಂಗಿ ಕೊಟ್ಟೋರು," ಎಂದಳು, "ನಿಮ್ಮ ಹೆಸರು?"

ಟೈಲರ್ ಅದನ್ನೂ ಹೇಳಿದ.